ಒಂದಿಂಚು ಹೆಚ್ಚಿಗೆ

ಮುಹರ್ರಕ್‌ನಲ್ಲಿ, ಖರ್ಜೂರದಂಗಡಿಯ ಬೆನ್ನಿಗೆ
ಎರಡು ಮಿಷನ್ನಿನ ಅಂಗಡಿ ನನ್ನದು.
ಅಬಾಯದ ಅಂಚು, ಸೆಕ್ಯುರಿಟಿಯವರ ಪ್ಯಾಂಟು,
ಶಾಲೆ ಮಕ್ಕಳ ಪಿನಫೋರು:
ಕಪ್ಪು, ನೀಲಿ, ಬೂದು, ಮತ್ತೆ ಕಪ್ಪು.
ಬೇರೆ ಬಣ್ಣ ಬಾಬಿನ್ನಿಗೆ ಮರೆತೇಹೋಗಿತ್ತು.

ಸೆವ್ರಿನ್ ಬಾಯಿ ಬಂದರು ಒಂದು ಶುಕ್ರವಾರ ಸಂಜೆ,
ಬಿಸ್ಕತ್ತಿನ ಡಬ್ಬಿ ಕಂಕುಳಲ್ಲಿ.
ಒಳಗೆ ಬಿಸ್ಕತ್ತಿಲ್ಲ,
ಮಡಿಕೆಯಲ್ಲೇ ಹರಿದ ಹಳದಿ ಕಾಗದ,
ಒಂದು ಗೌನಿನ ಮುಂಭಾಗ, ಹಿಂಭಾಗ, ಒಂದೇ ತೋಳು.
“ಅಮ್ಮ ಕತ್ತರಿಸಿದ್ದು. ವಾರಪತ್ರಿಕೆಯಲ್ಲಿ.
ನನಗೆ ಹದಿನಾರು ಆಗ.”
ಈಗ ಐವತ್ತೊಂದು. ನಾನು ಟೇಪು ಕೊರಳಿಗೆ ಹಾಕಿಕೊಂಡು ಸುಮ್ಮನಾದೆ.

“ಇದರಲ್ಲೇ ಆಗಬೇಕು. ಎಲ್ಲ ಕಾಲಕ್ಕೂ ಆಗಬೇಕು.”
“ಇಲ್ಲಿ ಕಾಲ ಎರಡೇ ಬಾಯಿ,
ಸೆಕೆ, ಮತ್ತೆ ಸಂಬಳದ ದಿನ.”
ನಗಲಿಲ್ಲ. ಬೆರಳು ಮಡಚಿದರು:
“ಬೆಳಿಗ್ಗೆ ಐದಕ್ಕೆ ಬಸ್ಸಿನ ಎಸಿ, ಹಲ್ಲು ಕಟಕಟ.
ಇಳಿದರೆ ಗೇಟಿನ ತನಕ ನಾನೂರು ಹೆಜ್ಜೆ, ಬಾಣಲೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆ.
ಚಾದರ ಎಣಿಸಲು ವಾರ್ಡಿಗೆ ಹೋದರೆ ಮತ್ತೆ ಮಂಜುಗಡ್ಡೆ.
ದಿನಕ್ಕೆ ನಾಲ್ಕು ಕಾಲ ನನಗೆ.
ಸೂಪರ್‌ವೈಸರ್ ಮಾಡಿದ್ದಾರೆ, ಯೂನಿಫಾರ್ಮ್ ಬೇಡವಂತೆ.
ಇಪ್ಪತ್ತೆರಡು ವರ್ಷ ಬಿಳಿ ಒಗೆದಾಯಿತು.
ಬಣ್ಣ ಬೇಕು ಮಾರಾಯ್ರೆ. ಒಂದಲ್ಲ.”

ಮೇಜಿಗೆ ಹರಡಿ, ಮೂಲೆಗಳಿಗೆ ಕತ್ತರಿ, ಬೀಗ, ಚಹಾದ ಲೋಟ ಹೇರಿದೆ.
ಎದೆಯಲ್ಲಿ ಅಡುಗೆ ಅಂಕಣ,
ಸೊಂಟದಲ್ಲಿ ವಧೂವರರು,
ಕೆಳಗೊಂದು ಧಾರಾವಾಹಿ:
ವಿಮಲೆ ಬಾಗಿಲು ತೆರೆದಳು, ಹೊರಗೆ ನಿಂತದ್ದು
ಅಲ್ಲಿಗೆ ಕತ್ತರಿ.
ಅಂಚಿನಲ್ಲಿ ಪೆನ್ಸಿಲ್ಲಿನ ಓರೆ ಅಕ್ಷರ:
‘ಬೆಳೆಯುವ ಹುಡುಗಿ. ಒಂದಿಂಚು ಹೆಚ್ಚಿಗೆ ಬಿಡುವುದು.’

ಒಂದಿಂಚು ಸಾಲದು ಬಾಯಿ.
ಎದೆಗೆ ನಾಲ್ಕು, ಸೊಂಟಕ್ಕೆ ಏಳು, ತೋಳಿಗೆ...
“ಲೆಕ್ಕ ಜೋರಾಗಿ ಹೇಳಬೇಡಿ,” ಎಂದರು.
ಹೊರಗೆ ಹುಡುಗರು ನಿಂತಿದ್ದರು.

ಸೂಪರ್ ಮಾರ್ಕೆಟ್ಟಿನ ಆಫರ್ ಹಾಳೆ ಹರಿದು ಅಂಟಿಸಿದೆ.
ಬಲದಿಂದ ಎಡಕ್ಕೆ ಓಡುವ ಅರಬಿ,
ಎಡದಿಂದ ಬಲಕ್ಕೆ ಬರುವ ನಮ್ಮದು,
ಪಕ್ಕೆಯ ಹೊಲಿಗೆಯಲ್ಲಿ ಡಿಕ್ಕಿ.
ವಧೂವರರ ನಡುವೆ ಅರ್ಧ ಬೆಲೆಗೆ ಹಮೂರ್ ಮೀನು.
ವಿಮಲೆಯ ಬಾಗಿಲ ಹೊರಗೆ ಈಗ
ಮೂರು ಲೀಟರು ಅಡುಗೆ ಎಣ್ಣೆ.
ಬಾಯಿ ಮೊದಲು ನಕ್ಕದ್ದು ಇಲ್ಲಿ.

ಬಟ್ಟೆಗೆ, ಚೀಲ ಬುಡಮೇಲು:
ಈದಿಗೆ ಹೊಲಿದ ಜಲಾಬಿಯಾದಿಂದ ಉಳಿದ ಗುಲಾಬಿ,
ಯಾವುದೋ ಮದುವೆಯ ಸಾಸಿವೆ ಹೂವಿನ ಹಳದಿ,
ಹಣ ಕೊಡದೆ ವಿಮಾನ ಹತ್ತಿದವನ ಗಿಳಿಹಸಿರು ಕುರ್ತಾ,
ನೇರಳೆ, ಎಲ್ಲಿಂದ ಬಂತೋ ಗೊತ್ತಿಲ್ಲ.
ಮೊಣಕೈಗೆ ನಿಂತಿದ್ದ ತೋಳನ್ನು ಮಣಿಕಟ್ಟಿಗೆ ಇಳಿಸಿ
ಒಳಗೊಂದು ಪಟ್ಟಿ, ಹೊರಗೊಂದು ಗುಂಡಿ:
ವಾರ್ಡಿಗೆ ಬಿಡಿ, ಲಾಂಡ್ರಿಗೆ ಮಡಚಿ.
ಎದೆಗೆ ಎರಡು ಪದರ, ಬೆನ್ನಿಗೆ ಒಂದೇ, ಗಾಳಿಯಾಡಲಿ.
ಕಿಸೆ ಅಮ್ಮ ಇಟ್ಟಿರಲಿಲ್ಲ,
ಹದಿನಾರರ ಹುಡುಗಿಗೆ ಅದರಲ್ಲಿಡಲು
ಏನೂ ಇರಬಾರದು ಎಂದೋ ಏನೋ.
ನಾನು ಎರಡು ಇಟ್ಟೆ.

ಒಂದು ತಪ್ಪೂ ಆಯಿತು.
ಬೆನ್ನ ಮೇಲಿನ ಹೂವೆಲ್ಲ ತಲೆಕೆಳಗು.
ಬಿಚ್ಚಿ ಕೊಡುತ್ತೇನೆ ಎಂದೆ.
“ಬೆನ್ನು ನಾನೆಲ್ಲಿ ನೋಡುತ್ತೇನೆ?
ಬಸ್ಸಲ್ಲಿ ಹಿಂದೆ ಕೂತವರು ಕತ್ತು ತಿರುಗಿಸಿಕೊಳ್ಳಲಿ.”

ಹಾಕಿಕೊಂಡೇ ಹೊರಟರು. ಕನ್ನಡಿಗಿಂತ ಮೊದಲು
ಕೈ ಕಿಸೆಗೆ ಹೋಯಿತು.
ಅಂಟಿಸಿದ ಹಾಳೆ ಬಿಡಿಸಲೇ ಎಂದು ಕೇಳಿದೆ.
ಬೇಡ, ಹಾಗೇ ಇರಲಿ.
ಡಬ್ಬಿಯ ಮುಚ್ಚಳ ಕೂರಲಿಲ್ಲ, ರಬ್ಬರ್ ಬ್ಯಾಂಡ್ ಕೊಟ್ಟೆ.
ಬಾಗಿಲಲ್ಲಿ ನಿಂತು ತೋಳು ಮಡಚಿ, ಗುಂಡಿ ಹಾಕಿ,
ಸೆಕೆಗೆ ಇಳಿದರು.

ಮರುದಿನ ಬಾಬಿನ್ನಿನಲ್ಲಿ ಉಳಿದದ್ದು ಕಾಣದೆ
ಸೆಕ್ಯುರಿಟಿಯವನ ಪ್ಯಾಂಟಿನ ಒಳಅಂಚಿಗೆ
ಗೇಣುದ್ದ ಹಳದಿ ಬಿತ್ತು.
ಬಿಚ್ಚಲಿಲ್ಲ.